ಏಳು ಸೀಟಿನ ಗಾಡಿಗೆ ನ್ಯಾಯವಾದ ಬೆಲೆ

ಮರುಳಪ್ಪನವರು ಗಾಡಿ ಮಾರಿಬಿಡಬೇಕೆಂದು ತೀರ್ಮಾನಿಸಿದ್ದು ಒಂದು ಕುಕ್ಕರ್ ರಬ್ಬರಿನ ದೆಸೆಯಿಂದ. ಎದುರುಮನೆಯ ಕಸ್ತೂರಮ್ಮ ಅದನ್ನು ನ್ಯಾಮತಿಯಲ್ಲಿ ಮಗಳ ಮನೆಯಲ್ಲಿ ಮರೆತು ಬಂದಿದ್ದರು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬಂದು, "ಮರುಳಪ್ಪಾರೇ, ಬಿಡುವಿದ್ರೆ ಹಿಂಗೆ ಹೋಗಿ ಹಂಗೆ ಬಂದ್ಬಿಡಾಣ" ಎಂದರು. ಬಿಡುವಿಲ್ಲ ಎನ್ನಲು ಮರುಳಪ್ಪನವರಿಗೆ ಬಾಯಿ ಬರಲಿಲ್ಲ. ಏಳು ಸೀಟಿನ ಗಾಡಿ ಚನ್ನಗಿರಿಯಿಂದ ನ್ಯಾಮತಿಗೆ ಹೋಗಿ, ಒಂದು ರಬ್ಬರನ್ನು ಸವಾರಿ ಮಾಡಿಸಿಕೊಂಡು ಬಂತು.

ಸೊಸೈಟಿಯಲ್ಲಿ ಗುಮಾಸ್ತರಾದ ಅವರಿಗೆ ವಾರಕ್ಕೆ ಸಿಗುವುದು ಒಂದೇ ರಜೆ. ಗಾಡಿ ಬಂದ ಮೇಲೆ ಆ ರಜೆ ಓಣಿಯವರ ಪಾಲಾಗಿತ್ತು. ಆಸ್ಪತ್ರೆ, ಗೃಹಪ್ರವೇಶ, ಹೆಣ್ಣು ನೋಡುವುದು, ನೋಡಿದ ಹೆಣ್ಣು ಬೇಡವೆಂದು ಹೇಳಿಬರುವುದು, ಎಲ್ಲದಕ್ಕೂ ಅವರೇ ಸಾರಥಿ.

"ಒಂದು ಭಾನುವಾರ ಎರಡನೇ ಕಾಫಿ ಕುಡಿದು ಮತ್ತೆ ಮಲಗಬೇಕು ಕಣೆ. ಅಷ್ಟೇ ನನ್ನಾಸೆ," ಎಂದರು ಹೆಂಡತಿ ಶಿವಗಂಗಮ್ಮನಿಗೆ.

"ಆಗಲ್ಲ ಅನ್ನಾಕೆ ಕಲೀರಿ. ಗಾಡಿ ಮಾರೋದಕ್ಕಿಂತ ಅದು ಸಸಾರ."

"ಅದು ನನ್ ಕೈಲಾಗಲ್ಲ. ಇದಾಗ್ತೈತೆ."

ಆದರೆ ಎಷ್ಟಕ್ಕೆ? ಹೆಚ್ಚು ಹೇಳಿದರೆ ಕೊಂಡವರು ಬೈಯುತ್ತಾರೆ, ಕಡಿಮೆ ಹೇಳಿದರೆ ಹೆಂಡತಿ. ಮೊಬೈಲು ಆರು ಲಕ್ಷ ಎಂದಿತು. ಮೆಕ್ಯಾನಿಕ್ಕು ರೋಗಿಯ ರೆಪ್ಪೆ ಎತ್ತಿ ನೋಡುವ ಡಾಕ್ಟರಂತೆ ಬಾನೆಟ್ ಎತ್ತಿ ನೋಡಿ ನಾಲ್ಕು ಎಂದ. ಮರುಳಪ್ಪನವರು ಇಬ್ಬರಿಗೂ ಬೇಸರವಾಗದಂತೆ ಐದಕ್ಕೆ ನಿಂತರು.

ಮುಂದಿನ ಭಾನುವಾರ ಬ್ರೋಕರ್ ಅಮೀರ್‌ಜಾನ್ ಜಗಳೂರಿನ ಬಸವರಾಜಪ್ಪನನ್ನು ಕರೆತಂದರು. ಅಮೀರ್‌ಜಾನ್ ಮೊದಲು ಎತ್ತಿನ ದಲ್ಲಾಳಿ. ಈಗ ವಾಹನಕ್ಕೆ ತಿರುಗಿದ್ದರೂ ಸಂತೆಯ ರಿವಾಜು ಬಿಟ್ಟಿರಲಿಲ್ಲ. ನೋಡುವವರಿಗೆ ಬೆಲೆ ತಿಳಿಯದಂತೆ ಟವಲು ಮುಚ್ಚಿ, ಅದರೊಳಗೆ ಬೆರಳು ಹಿಡಿಸುತ್ತಿದ್ದರು. ಒಂದು ಬೆರಳಿಗೆ ಒಂದು ಲಕ್ಷ. ಗಾಡಿಯ ಬೆನ್ನು ಚಪ್ಪರಿಸಿದಾಗಲಂತೂ ಅದು ಬಾಲ ಅಲ್ಲಾಡಿಸೀತೆಂದು ಕಾದಂತೆ ನಿಲ್ಲುತ್ತಿದ್ದರು.

ಬಸವರಾಜಪ್ಪ ಟವಲಿನೊಳಗೆ ಮೊದಲು ಮರುಳಪ್ಪನವರ ನಾಲ್ಕು ಬೆರಳು ಹಿಡಿದ. ಶಕುನ ಚೆನ್ನಾಗಿತ್ತು. ಅಷ್ಟರಲ್ಲಿ ನೆರವಿಗೆಂದು ಓಣಿ ಬಂತು.

"ಬಂಗಾರದಂಥ ಗಾಡಿ ಕಣಪ್ಪ," ಎಂದರು ಕಸ್ತೂರಮ್ಮ. "ನನ್ ಸೊಸೆ ಹೆರಿಗೆ ಇದ್ರಾಗೇ ಆಗಿದ್ದು. ಸಾಸ್ವೆಹಳ್ಳಿ ದಾಟಿದ್ದಷ್ಟೆ. ಚೂರೂ ಕುಲುಕಲಿಲ್ಲ."

ಟವಲಿನೊಳಗೆ ಒಂದು ಬೆರಳು ಜಾರಿತು.

"ಬಿಳಿಚೋಡಿಗೆ ಇಡೀ ದಿಬ್ಬಣ ಇದ್ರಾಗೇ ಹೋಗಿದ್ವಿ ಸಾರ್," ಎಂದರು ಮೂಲೆಮನೆಯ ಟೈಲರ್ ಸೈಫುಲ್ಲಾ. "ಮೇಲೆ ಬೀರು ಬೇರೆ. ಉಸಿರು ಬಿಗಿಹಿಡಿದು ಎಳೀತು."

ಇನ್ನೊಂದು ಜಾರಿತು.

"ಮೈಲೇಜ್ ಹೆಂಗೈತೆ?" ಎಂದ ಬಸವರಾಜಪ್ಪ.

"ಅಯ್ಯೋ, ಇಷ್ಟು ವರ್ಷದಾಗೆ ಡೀಸೆಲ್ ಹಾಕಿಸಿದ್ದೇ ನಮಗೆ ನೆನಪಿಲ್ಲ," ಎಂದರು ಕಸ್ತೂರಮ್ಮ.

ಅದು ನಿಜವೇ. ಹಾಕಿಸುತ್ತಿದ್ದವರು ಮರುಳಪ್ಪನವರು. ಟವಲಿನೊಳಗೆ ಉಳಿದಿದ್ದ ಎರಡು ಬೆರಳೂ ಸಡಿಲವಾಗುವ ಮೊದಲೇ ಅವರು ಕೈ ಎಳೆದುಕೊಂಡರು. ಬಸವರಾಜಪ್ಪ ಸೊಸೆಯ ಬಾಣಂತನ ವಿಚಾರಿಸಿ ಬಸ್‌ಸ್ಟ್ಯಾಂಡಿನತ್ತ ನಡೆದ.

"ಇಷ್ಟು ಹೊಗಳಿದ್ರೂ ತಗೊಳ್ಳಲಿಲ್ಲ ನೋಡ್ರಿ," ಎಂದು ಕಸ್ತೂರಮ್ಮ ನೊಂದುಕೊಂಡರು. ಆಮೇಲೆ ದನಿ ತಗ್ಗಿಸಿ, "ಅದಿರ್ಲಿ, ಯಾಕ್ ಮಾರ್ತೀರಿ? ಏನಾರ ಕಷ್ಟ ಐತಾ?" ಎಂದು ಕೇಳಿದರು.

ನೀವೇ ಕಷ್ಟ ಎಂದು ಹೇಳುವುದು ಹೇಗೆ? ಮರುಳಪ್ಪನವರು ನೆಲ ನೋಡುತ್ತ, "ಸ್ವಲ್ಪ ಅಡಚಣೆ" ಎಂದರು. ಕಸ್ತೂರಮ್ಮನ ಕಣ್ಣು ತುಂಬಿತು. ಓಣಿ ಮೆಲ್ಲನೆ ಚದುರಿತು.

ಊಟದ ಹೊತ್ತು ಮೀರಿದ ಮೇಲೆ ಅಮೀರ್‌ಜಾನ್ ಒಬ್ಬರೇ ಬಂದರು. "ಬೇರೆ ಪಾರ್ಟಿ ಐತೆ. ಸದ್ಯ ಹೆಸರು ಹೇಳಾಂಗಿಲ್ಲ," ಎಂದು ಟವಲು ಹೊದಿಸಿದರು. ಒಳಗೆ ಐದೂ ಬೆರಳು ಗಟ್ಟಿಯಾಗಿ ಹಿಡಿದರು.

"ಚೌಕಾಸಿನೇ ಇಲ್ವೇನ್ರೀ?"

"ಪಾರ್ಟಿ ಒಳ್ಳೇರು. ನೀವು ಅನ್ಯಾಯದ ಬೆಲೆ ಹೇಳೋರಲ್ಲ ಅಂತ ಅವರಿಗೆ ನಂಬಿಕೆ ಐತೆ."

ಮುಂಗಡ ಕೈಸೇರಿತು. ಕೀಲಿ ಕೊಡುವ ಮುಂಚೆ ಮರುಳಪ್ಪನವರು ಗಾಡಿಯೊಳಗೆ ಸ್ವಲ್ಪ ಹೊತ್ತು ಕೂತರು. ಮಧ್ಯದ ಸೀಟಿನಲ್ಲಿ ಆ ಕೂಸು ಮೊದಲ ಸಲ ಅತ್ತಾಗ ತಾವೂ ಸ್ಟೇರಿಂಗ್ ಹಿಡಿದು ಅತ್ತದ್ದು ನೆನಪಾಯಿತು. ಡ್ಯಾಶ್‌ಬೋರ್ಡನ್ನು ಪಂಚೆಯ ತುದಿಯಿಂದ ಒರೆಸಿ ಇಳಿದರು. ಒಳಗೆ ಬಂದು ಎರಡನೇ ಕಾಫಿ ಕುಡಿದು, ಹಗಲಿನಲ್ಲೇ ಕಾಲು ಚಾಚಿ ಮಲಗಿ, ಕೂಸಿನಂತೆ ನಿದ್ದೆಹೋದರು.

ಎಚ್ಚರವಾದದ್ದು ಹೊರಗಿನ ಗದ್ದಲಕ್ಕೆ. ಗಾಡಿ ಇನ್ನೂ ಅಲ್ಲೇ ಇತ್ತು, ಮೂತಿಗೆ ಸೇವಂತಿಗೆ ಹಾರ ಬಿದ್ದಿತ್ತು. ಕಸ್ತೂರಮ್ಮ ಆರತಿ ತಟ್ಟೆ ಹಿಡಿದಿದ್ದರು. ಸೈಫುಲ್ಲಾ ಕೊರಳಿಗೆ ಟೇಪು ಹಾಕಿಕೊಂಡು ಸೀಟಿನ ಕವರಿಗೆ ಅಳತೆ ತೆಗೆಯುತ್ತಿದ್ದರು.

"ಪಾರ್ಟಿ ಎಲ್ಲಿ?" ಎಂದರು ಮರುಳಪ್ಪನವರು.

"ನಾವೇ ಪಾರ್ಟಿ," ಎಂದರು ಕಸ್ತೂರಮ್ಮ. "ನೀವು ಬಾಯಿಬಿಟ್ಟು ಅಡಚಣೆ ಅಂದ್ರಲ್ಲ, ನಮಗೆ ಊಟ ಇಳೀಲಿಲ್ಲ. ಓಣಿ ಹೆಣ್ಮಕ್ಕಳೆಲ್ಲ ಸೇರಿ ಚೀಟಿ ದುಡ್ಡು ಎತ್ತಿದ್ವಿ. ಸಾಲದ್ದಕ್ಕೆ ಸೈಫುಲ್ಲಾ ಹಾಕಿದ್ರು. ನಿಮ್ಮ ಮನೆಯಾಕೆದೂ ಒಂದು ಪಾಲೈತೆ."

ಶಿವಗಂಗಮ್ಮ ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದಳು.

ತಮಗಾಗಿ ಇಷ್ಟು ಜನ ಊಟ ಬಿಟ್ಟದ್ದು ಮರುಳಪ್ಪನವರಿಗೆ ಗೊತ್ತಿರುವಂತೆ ಇದೇ ಮೊದಲು. ಕಣ್ಣೊರೆಸಿಕೊಂಡು, "ನಿಮ್ಮ ಋಣ ದೊಡ್ಡದು. ಆದರೆ ಇದನ್ನ ಓಡಿಸೋರು ಯಾರು?" ಎಂದರು.

ಪಂಕ್ತಿಯಲ್ಲಿ ಕೂತವರು ಸಾರು ತರುವವನನ್ನು ನೋಡುವಂತೆ ಎಲ್ಲರೂ ಅವರನ್ನೇ ನೋಡಿದರು.

"ಗಾಡಿ ನಿಮ್ದಾದ ಮೇಲೂ ನಾನೇ ಬರ್ಬೇಕಾ?"

"ಈಗ್ಲೇ ಬರ್ಬೇಕಾಗಿರೋದು," ಎಂದರು ಕಸ್ತೂರಮ್ಮ ಅಕ್ಕರೆಯಿಂದ. "ಇಷ್ಟು ದಿನ ನಿಮ್ ಗಾಡಿ ಅಂತ ಕೇಳಾಕೆ ಸಂಕೋಚ ಆಗ್ತಿತ್ತು. ಭಾನುವಾರ ಬಿಟ್ರೆ ಬಾಯಿ ಬಿಡ್ತಿರಲಿಲ್ಲ. ಈಗ ನಮ್ದೇ ಅಲ್ವಾ? ನೀವು ಸೊಸೈಟಿಯಿಂದ ಬಂದ್ಮೇಲೆ ದಿನಾ ಸಂಜೆ ಬಿಡುವೇ ಅಲ್ಲೇನು? ಇವತ್ತು ಹೊನ್ನಾಳಿಗೆ ಹೋಗಿ ನಮ್ ತಂಗೀಗೆ ತೋರಿಸ್ಕೊಂಡು ಬರಾಣ."

ಆಗಲೇ ಎಲ್ಲರೂ ಹತ್ತತೊಡಗಿದ್ದರು. ಶಿವಗಂಗಮ್ಮ ಮುಂದಿನ ಸೀಟು ಹಿಡಿದಿದ್ದಳು. ಇವತ್ತು ಹೇಳಿಯೇಬಿಡುತ್ತೇನೆಂದು ಮರುಳಪ್ಪನವರು ಎದೆ ಗಟ್ಟಿ ಮಾಡಿಕೊಂಡು ಬಾಯಿ ತೆರೆದರು.

"ಬಾಗಿಲು ಮೆಲ್ಲಗೆ ಹಾಕ್ರಿ," ಎಂಬ ಮಾತು ಹೊರಗೆ ಬಂತು.