ಆಹೇರಿಗೆ ಹೋದ ಜಪಾನಿ ಛತ್ರಿ

ಓದುವ ಹುಚ್ಚು ಯಾರಿಗೂ ಒಂದೇ ದಿನದಲ್ಲಿ ಬಿಟ್ಟು ಹೋಗುವುದಿಲ್ಲ. ಬೊಜ್ಜು ಬರುವುದು ಹೇಗೆ ಗೊತ್ತಾಗುವುದಿಲ್ಲವೋ ಇದು ಹೋಗುವುದೂ ಹಾಗೆಯೇ ಗೊತ್ತಾಗುವುದಿಲ್ಲ. ಮುದ್ದೇಬಿಹಾಳದ ತವರುಮನೆಯಲ್ಲಿ ನಾನು ಒಲೆಯ ಮುಂದೆ ಕಾದಂಬರಿ ಹಿಡಿದು ಕೂತರೆ ಹಾಲು ಉಕ್ಕುವುದು ನಿಶ್ಚಿತವಾಗಿತ್ತು. "ಹಾಲು ಉಕ್ಕಿ ಒಲಿ ಆರಿದ್ರೂ ಇಕಿಗೆ ಖಬರ್ ಇಲ್ಲ!" ಎಂದು ಅವ್ವ ಬೆನ್ನಿಗೊಂದು ಹಾಕುತ್ತಿದ್ದಳು. ಅಂಥವಳು ಸಿಂದಗಿಗೆ ಸೊಸೆಯಾಗಿ ಬಂದು, ನಮ್ಮವರ ಔಷಧದ ಅಂಗಡಿಯಲ್ಲಿ ಕೂತು, ಗುಳಿಗೆ ಡಬ್ಬಿಯ ಮೇಲಿನ ತಾರೀಖು ಬಿಟ್ಟರೆ ಬೇರೇನೂ ಓದದವಳಾದೆ. ಡಾಕ್ಟರರ ಅಕ್ಷರವನ್ನು ಸಲೀಸಾಗಿ ಓದಬಲ್ಲ ನನಗೆ ಅಚ್ಚಾದ ಕನ್ನಡ ಓದಲಾಗದು ಎಂದರೆ ಯಾರು ನಂಬುತ್ತಾರೆ? ಆದರೆ ಅದೇ ಆಗಿತ್ತು. ಮೊಬೈಲಿನಲ್ಲಿ ಯಾರೋ ಯಾರಿಗೋ ಕಪಾಳಕ್ಕೆ ಹೊಡೆಯುವುದನ್ನು ತಾಸುಗಟ್ಟಲೆ ನೋಡುತ್ತಿದ್ದೆ, ಪುಸ್ತಕ ತೆರೆದರೆ ಎರಡನೆಯ ಪುಟಕ್ಕೇ ಆಕಳಿಕೆ ಬರುತ್ತಿತ್ತು. ಇನ್ನು ಓದು ನನ್ನ ಪಾಲಿಗೆ ಮುಗಿಯಿತೆಂದು ಒಳಗೊಳಗೇ ಹೆದರಿಕೊಂಡಿದ್ದೆ.

ನಮ್ಮ ಮನೆಯ ಕಪಾಟು ಅತ್ತೆಯವರ ಖಾತೆ. ಆಹೇರಿಗೆಂದು, ಅಂದರೆ ಶುಭಕಾರ್ಯದ ಉಡುಗೊರೆಯಾಗಿ, ಬಂದ ರವಿಕೆ ಖಣ, ಟಾವೆಲ್, ಶಾಲು, ಗೋಡೆ ಗಡಿಯಾರ ಎಲ್ಲ ಅಲ್ಲಿ ತಂಗಿದ್ದು, ಮುಂದಿನ ಮದುವೆಗೋ ಸೀಮಂತಕ್ಕೋ ಹೊರಡುತ್ತವೆ. ಒಮ್ಮೆ ಒಂದು ಹಸಿರು ಖಣ ನಮ್ಮಿಂದ ಹೊರಟು ಇಂಡಿ, ಮುದ್ದೇಬಿಹಾಳ ಸುತ್ತಿ ನಮಗೇ ತಿರುಗಿ ಬಂದಿತ್ತು. ಅತ್ತೆ ಗುರುತು ಹಿಡಿದು, "ಬಂದ್ಯಾ ತವರಿಗೆ?" ಎಂದು ಕೇಳಿ ಒಳಗಿಟ್ಟರು. ಈ ಖಾತೆಯ ಕಾನೂನು ಒಂದೇ: ಉಡುಗೊರೆಯ ಕಾಗದವನ್ನು ಹರಿಯಬಾರದು. ಟೇಪನ್ನು ಉಗುರಿನಿಂದ ಮೆಲ್ಲಗೆ ಬಿಡಿಸಬೇಕು. ಯಂಕಂಚಿಯಲ್ಲಿ ಒಂದು ಕಾರ್ಯಕ್ರಮದಲ್ಲಿ ನಮ್ಮವರಿಗೆ ಸತ್ಕಾರವಾದಾಗ ಬಂದ ಶಾಲು ಈ ಕಪಾಟು ಸೇರಿತು, ತೆಂಗಿನಕಾಯಿ ಚಟ್ನಿಯಾಯಿತು, ಬಣ್ಣದ ಕಾಗದದಲ್ಲಿ ಸುತ್ತಿದ್ದ ಪುಸ್ತಕ ಕಪಾಟಿನ ತಳ ಸೇರಿತು.

ಹೋದ ಬೇಸಿಗೆಯಲ್ಲಿ ನನ್ನ ಮೊಬೈಲು ನೀರಿನ ಬಕೆಟ್ಟಿಗೆ ಬಿದ್ದು ರಿಪೇರಿಗೆ ಹೋಯಿತು. ಕೈ ತುರಿಸತೊಡಗಿತು. ಬೇರೆ ಗತಿಯಿಲ್ಲದೆ ಆ ಪುಸ್ತಕ ಬಿಡಿಸಿದೆ. ಕನ್ನಡಕ್ಕೆ ಬಂದ ಒಂದು ಜಪಾನಿ ಕಾದಂಬರಿ. ಒಂದು ಓಣಿ, ಅಲ್ಲಿ ಛತ್ರಿ ರಿಪೇರಿ ಮಾಡುವ ಒಬ್ಬ ಮುದುಕಿ. ಕೊಲೆಯಿಲ್ಲ, ಕಪಾಳಮೋಕ್ಷವಂತೂ ಇಲ್ಲವೇ ಇಲ್ಲ. ಜನ ಮುರಿದ ಛತ್ರಿ ತರುತ್ತಾರೆ, ಕೂತು ಮಾತಾಡುತ್ತಾರೆ, ಹಗುರಾಗಿ ಹೋಗುತ್ತಾರೆ. ಒಂದು ಕೆಂಪು ಛತ್ರಿಯನ್ನು ಮಾತ್ರ ಯಾರೂ ಒಯ್ಯಲು ಬರುವುದಿಲ್ಲ. ಮುದುಕಿ ದಿನಾ ಅದರ ಧೂಳು ಒರೆಸಿ ಕಾಯುತ್ತಾಳೆ.

ಅತ್ತೆ ಕೇಳಿದರು, "ಅದ್ರಾಗ ಏನ್ ನಡದೈತಿ?"

"ಮಳಿ ಬರಾಕತ್ತೈತ್ರಿ."

"ಮತ್ತ?"

"ಮುದುಕಿ ಚಾ ಕುಡ್ಯಾಕತ್ತಾಳ್ರಿ."

"ಇದಕ್ಕ ಪುಸ್ತಕ ಯಾಕ ಬೇಕವಾ? ನಮ್ಮ ಓಣ್ಯಾಗೂ ಇದ ನಡದೈತಿ, ಮಳಿ ಒಂದ್ ಬಿಟ್ಟು."

ಹಾಗೆಂದವರೇ ಮರುದಿನ, "ಆ ಮುದುಕಿದು ಚಾ ಆತೇನು? ಛತ್ರಿ ಒಯ್ಯಾಕ ಯಾರರೆ ಬಂದ್ರೇನು?" ಎಂದರು. ನನಗಂತೂ ಆಕಳಿಕೆ ಎಲ್ಲಿ ಹೋಯಿತೋ! ಮೊಬೈಲು ರಿಪೇರಿಯಾಗಿ ಬಂದರೂ ಚಾರ್ಜಿಗೆ ಹಾಕುವುದನ್ನೇ ಮರೆತೆ. ಆದರೆ ಸಂಸಾರದ ಬುದ್ಧಿ ಬಿಡಬೇಕಲ್ಲ? ಓದಿದ ಮೇಲೆ ಹೊಸದರಂತೆಯೇ ಯಾರಿಗಾದರೂ ಕೊಡಬಹುದೆಂದು, ಪ್ರತಿ ಸಲವೂ ಅಂಗಡಿಯ ಗುಳಿಗೆ ಚೀಟಿಯೊಂದನ್ನು ಪುಟದ ಗುರುತಿಗಿಟ್ಟು, ಅದೇ ಕಾಗದ ಸುತ್ತಿ, ಅದೇ ಟೇಪು ಒತ್ತಿ, ಕಪಾಟಿನಲ್ಲೇ ಇಡುತ್ತಿದ್ದೆ.

ಇಷ್ಟರಲ್ಲಿ ನಮ್ಮವರ ಚಿಕ್ಕಪ್ಪನ ಸೊಸೆ ಮಹಾದೇವಿಯ ಹೊಸ ಮನೆಯ ಗೃಹಪ್ರವೇಶ ಬಂತು, ಬಸವನ ಬಾಗೇವಾಡಿಯಲ್ಲಿ. ನಾನು ಅಂಗಡಿಗೆ ಕಾವಲು ಕೂತೆ, ಅತ್ತೆ ಹೋಗಿ ಬಂದರು. ಮರುದಿನ ಕಪಾಟು ತೆರೆದರೆ ಪುಸ್ತಕವಿಲ್ಲ.

"ಅದಾ? ಖಣದ ಜೋಡಿ ಮಹಾದೇವಿಗೆ ಆಹೇರಿ ಮಾಡಿದೆ."

"ಅಯ್ಯ ಅತ್ತಿ, ನಾ ಓದಾಕತ್ತಿದ್ನೆಲ್ರಿ!"

"ಓದೂ ಪುಸ್ತಕ ಬರೀ ಮೈಲೆ ಇರತಾವು. ಕಾಗದ ಸುತ್ತಿದ್ದು ಅಂದ್ರ ಆಹೇರಿದು. ಇದ್ರಾಗ ನಂದೇನ್ ತಪ್ಪು?"

ಅವರ ತಪ್ಪೇನೂ ಇರಲಿಲ್ಲ. ನನಗೆ ಅಳು ಬಂತು. ಒಂದು ಪುಸ್ತಕಕ್ಕಾಗಿ ಅಳು ಬಂದು ಎಷ್ಟು ಕಾಲವಾಗಿತ್ತೋ! ಅಳುವಿನ ನಡುವೆಯೇ ಸಂತೋಷವೂ ಆಯಿತು. ಆದರೆ ಈಗ ಬಿಟ್ಟರೆ ಮತ್ತೆ ಮೊಬೈಲಿನ ಕಪಾಳಕ್ಕೇ ತಿರುಗುತ್ತೇನೆಂದು ನನಗೆ ಖಾತ್ರಿಯಿತ್ತು. ಬೆಳಿಗ್ಗೆ ಎದ್ದವಳೇ ಬಾಗೇವಾಡಿ ಬಸ್ಸು ಹತ್ತಿದೆ. ಕೊಟ್ಟ ಆಹೇರಿಯನ್ನು ತಿರುಗಿ ಕೇಳಿದ ಹೆಂಗಸು ನಮ್ಮ ವಂಶದಲ್ಲಿ ಇದುವರೆಗೆ ಹುಟ್ಟಿಲ್ಲ. ದಾರಿಯುದ್ದಕ್ಕೂ ಒಂದೊಂದೇ ಸಬೂಬು ಜೋಡಿಸಿಕೊಂಡೆ.

"ಅಡಗಿಮನಿ ನೋಡಿದ್ದಿಲ್ಲ, ಅದಕ್ಕ ಬಂದೆ" ಎಂದು ಒಳಗೆ ನುಗ್ಗಿದರೆ ಸೀದ ಹಾಲಿನ ವಾಸನೆ. ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದು ಪದ್ಧತಿ. ಆದರೆ ಅದು ಒಂದು ದಿನದ್ದು. ಕಟ್ಟೆಯ ಮೇಲೆ ಪಾತ್ರೆ ಕರ್ರಗಾಗಿತ್ತು. ಪಕ್ಕದಲ್ಲಿ ನನ್ನ ಪುಸ್ತಕ ಬೋರಲಾಗಿ ಮಲಗಿತ್ತು.

"ಅಕ್ಕಾರ, ಎಂಥಾ ಚಲೋ ಮನಸ್ರಿ ನಿಮ್ದು!" ಎಂದಳು ಮಹಾದೇವಿ. "ಒಳಗ ಗುಳಗಿ ಚೀಟಿ ನೋಡಿದ ಕೂಡ್ಲೆ ತಿಳೀತು. ಮೊದ್ಲ ತಾವ ಓದಿ, ಚಲೋ ಐತಿ ಅಂತ ಖಾತ್ರಿ ಮಾಡ್ಕೊಂಡ ಕೊಟ್ಟೀರಿ. ನಿನ್ನೆನ ಮುಗಿಸಿದೆ, ಈಗ ಮತ್ತ ಮೊದ್ಲಿಂದ ಹಿಡದೇನಿ. ಆ ಕೆಂಪು ಛತ್ರಿ..."

"ಹೇಳಬ್ಯಾಡ!" ಎಂದು ಎರಡೂ ಕಿವಿ ಮುಚ್ಚಿಕೊಂಡೆ.

ಅಷ್ಟಕ್ಕೇ ನನ್ನ ಬಂಡವಾಳ ಬಯಲಾಯಿತು. ಎಲ್ಲವನ್ನೂ ಹೇಳಿಬಿಟ್ಟೆ. ಮಹಾದೇವಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. ಹೊರಡುವಾಗ ಕುಂಕುಮ ಹಚ್ಚಿ, ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಖಣ ಕೊಟ್ಟಳು, ಅದರ ಮೇಲೆ ಪುಸ್ತಕವಿಟ್ಟಳು, ಅದೇ ಕಾಗದದಲ್ಲಿ ಸುತ್ತಿ. ಖಣ ನೋಡಿದರೆ ನಮ್ಮ ಹಸಿರು ಖಣವೇ. ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದು, ಚಪ್ಪಲಿ ಬಿಟ್ಟವಳೇ, ಆ ಕಾಗದವನ್ನು ಪರ್ ಎಂದು ಹರಿದೆ. ಅತ್ತೆ ಎದೆ ಒಡೆದವರಂತೆ, "ಚಲೋ ಕಾಗದ ಹರದಿ! ಇನ್ನೊಂದ್ ಮದಿವಿಗೆ ಬರತಿತ್ತು!" ಎಂದರು. ಬರಬಾರದೆಂದೇ ಹರಿದದ್ದು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಚೀಟಿಯಿದ್ದ ಪುಟ ತೆರೆದೆ. "ಜೋರಾಗಿ ಓದವಾ, ಹಾಲಿನ ಕಡಿ ನಾ ನೋಡ್ತೇನಿ" ಎಂದು ಅತ್ತೆ ಗ್ಯಾಸಿನ ಹತ್ತಿರ ಮಣೆ ಹಾಕಿಕೊಂಡರು. ಓದಿದೆ. ಕೊನೆಗೂ ಯಾರೋ ಬಂದರು, ಕೆಂಪು ಛತ್ರಿ ಬಿಚ್ಚಿಕೊಂಡಿತು. ಯಾರು ಬಂದರೆಂದು ನಾನು ಹೇಳುವುದಿಲ್ಲ, ಅತ್ತೆ ಈಗಾಗಲೇ ಓಣಿಗೆಲ್ಲ ಹೇಳಿದ್ದಾರೆ.

ಪುಸ್ತಕ ಮುಚ್ಚಿದ ಮೇಲೆಯೇ ನಮಗಿಬ್ಬರಿಗೂ ವಾಸನೆ ಬಡಿದದ್ದು. ಹಾಲು ಉಕ್ಕಿ ಕಟ್ಟೆಯಿಂದ ಕೆಳಗೆ ಇಳಿಯುತ್ತಿತ್ತು. ಅತ್ತೆ ನನ್ನ ಮುಖ ನೋಡಲಿಲ್ಲ. ನಾನು ಒದ್ದೆ ಬಟ್ಟೆ ತಂದು ಒಲೆ ಒರೆಸತೊಡಗಿದೆ. ಅವ್ವ ಇದ್ದಿದ್ದರೆ ಬೆನ್ನಿಗೊಂದು ಹಾಕುತ್ತಿದ್ದಳು. ಬೆನ್ನು ಅದಕ್ಕೆ ತಯಾರಾಗಿಯೇ ಇತ್ತು.