ಊಟದ ಹೊತ್ತಿನ ಅಳು

ಅಳುವುದಕ್ಕೂ ಹೊತ್ತುಗೊತ್ತು ಇರಬೇಕು ಎನ್ನುವವರನ್ನು ಕಂಡರೆ ನನಗಾಗದು. ನನಗೆ ದುಃಖ ಬರುವುದೇ ಊಟಕ್ಕೆ ಕೂತಾಗ. ರಾಜ್ಯ ಒಂದಾದ ಮರುವರ್ಷ ನಮ್ಮ ಯಜಮಾನರಿಗೆ ಮೈಸೂರಿನಿಂದ ರೋಣದ ಕಚೇರಿಗೆ ವರ್ಗವಾಯಿತು. ರಾಜ್ಯ ಒಂದಾದ ದಿನ ಅಲ್ಲಿಯವರು ಕನ್ನಡಿಗರೆಲ್ಲ ಒಂದೇ ಎಂದು ಊರಿಗೆಲ್ಲ ಪೇಡೆ ಹಂಚಿದ್ದರಂತೆ. ನನ್ನನ್ನು ಯಾರೂ ಕೇಳಿರಲಿಲ್ಲ. ರೋಣಕ್ಕೆ ಹತ್ತಿರದ ಹೊಳೆಆಲೂರು ಸ್ಟೇಷನ್ನಿನಲ್ಲಿ ಇಳಿದಾಗ ಶುರುವಾದ ನನ್ನ ಗೋಳು ದಿನವೂ ತಟ್ಟೆಯ ಮುಂದೆ ಮುಂದುವರಿಯುತ್ತಿತ್ತು. ಬಾವಿಯ ನೀರು ಸವಳು, ಅದರಲ್ಲಿ ಬೇಳೆ ಬೇಯದು, ಕಾಫಿ ಕೇಳಿದರೆ ಚಹಾ, ನಾನು ಬಾಯಿಬಿಟ್ಟರೆ ಬಾವಿಕಟ್ಟೆಯ ಹೆಂಗಸರಿಗೆಲ್ಲ ನಗು. ಯಜಮಾನರು ಕೇಳಿಸದವರಂತೆ ಉಂಡೇಳುತ್ತಿದ್ದರು. ಅದು ಅವರಿಗೆ ಮದುವೆಯಾದಂದಿನಿಂದ ಅಭ್ಯಾಸ. ಹದಿನೈದರ ಮಗಳು ಸರಸ ಮಾತ್ರ ಅನ್ನ ಕಲಸುತ್ತಾ ಕೂತು, ಎರಡು ತುತ್ತಿಗೇ ಕೈತೊಳೆಯುತ್ತಿದ್ದಳು.

ಹುಡುಗಿ ಮಾತು ಬಿಟ್ಟಳು, ಮುಖ ಬಾಡಿತು. ನನಗೆ ಜೀವ ಹಾರಿತು. ಈ ಊರ ನೀರು ಒಗ್ಗಿಲ್ಲವೆಂದು ತೀರ್ಮಾನಿಸಿ ಅವಳನ್ನು ದವಾಖಾನೆಗೆ ಕರೆದೊಯ್ದೆ. ಪಕ್ಕದ ಮನೆಯ ಗಂಗವ್ವನೂ ಜೊತೆಗೆ ಬಂದಳು. ಏನಾಗಿದೆಯೆಂದು ಡಾಕ್ಟರು ಕೇಳಿದ್ದು ಸರಸಳನ್ನು, ಹೇಳಿದ್ದು ನಾನು. ಸವಳು ನೀರಿನಿಂದ ಹಿಡಿದು ಚಹಾದವರೆಗೆ ಬಂದಾಗ ಅವರು ಮೆಲ್ಲಗೆ ನನ್ನ ನಾಡಿ ಹಿಡಿದರು.

ಆಗ ಗಂಗವ್ವ ತಡೆಯಲಾರದೆ ಅಂದಳು: "ಸಾಹೇಬ್ರ, ಈ ಹುಡುಗಿ ದಿನಾ ಮುಂಜಾನಿ ನಮ್ಮ ಒಲಿ ಮುಂದ ಕುಂತು ಎರಡು ಬಿಸಿ ರೊಟ್ಟಿ ಉಣ್ತಾಳ್ರಿ. ನಕ್ಕೋಂತ ಸಾಲಿಗೆ ಹೋಗ್ತಾಳ."

"ಮತ್ತ ಮನ್ಯಾಗ ಯಾಕ ಉಣ್ಣಂಗಿಲ್ಲ ತಂಗಿ?" ಎಂದರು ಡಾಕ್ಟರು.

ನನ್ನ ಮಗಳು, ರೋಣದಲ್ಲೇ ಹುಟ್ಟಿದವಳ ಹಾಗೆ ಹೇಳಿದಳು: "ಉಣ್ಣಾಕ ಕುಂತ್ರ ಅಮ್ಮ ಅಳ್ತಾಳ್ರಿ. ತುತ್ತು ಒಳಗ ಇಳಿಯಂಗಿಲ್ಲ."

ನನಗೆ ಸಂಕಟವಾಯಿತು. ಆದರೆ ಸಂಕಟಕ್ಕಿಂತ ಮೊದಲು ಸಿಟ್ಟು ಬರುವ ಜಾತಿ ನನ್ನದು. ಹಾಗಾದರೆ ನಿನ್ನನ್ನು ಮೈಸೂರಿಗೆ ಅಜ್ಜಿಯ ಮನೆಗೇ ಕಳಿಸಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಹೆದರಿಸಿದೆ. ಅವಳು ಸಮಾಧಾನವಾಗಿ, "ನಾನು ಬೇಡಮ್ಮ. ನೀನೇ ಹೋಗಿ ಒಂದಷ್ಟು ದಿನ ಇದ್ದು ಬಾ," ಎಂದಳು.

ಯಜಮಾನರು ಎಂದೂ ಇಲ್ಲದ ಹುರುಪಿನಿಂದ ಅಂದೇ ಪ್ರಯಾಣದ ಏರ್ಪಾಡು ಮಾಡಿದರು. ಹೋದೆ. ಅಮ್ಮ ನಾನು ಹಂಬಲಿಸಿದ್ದನ್ನೆಲ್ಲ ಮಾಡಿ ಬಡಿಸಿ, ಸಂತೋಷದಿಂದ ಎದುರಿಗೇ ಊಟಕ್ಕೆ ಕೂತಳು. ಒಂದು ತುತ್ತು ಬಾಯಿಗಿಟ್ಟೆ, ಅಷ್ಟೇ. ಇದೂ ಒಂದು ಊಟವೇ, ಗಂಗವ್ವನ ಒಲೆಯ ರೊಟ್ಟಿ ಏನು, ಆ ಶೇಂಗಾ ಚಟ್ನಿ ಏನು, ಬಾವಿಕಟ್ಟೆಯ ಆ ನಗು ಏನು ಎಂದು ಶುರುಮಾಡಿದವಳಿಗೆ ಕಣ್ಣು ತುಂಬಿಬಂತು. ಒರೆಸಿಕೊಂಡು ನೋಡುತ್ತೇನೆ, ಅಮ್ಮ ಕಲಸಿದ ಅನ್ನ ಹಾಗೇ ಬಿಟ್ಟು ಕೈತೊಳೆಯಲು ಎದ್ದಿದ್ದಳು.