ದೃಷ್ಟಿ ಗಡಿಗೆಯ ಬಾಯಿ

ನನಗೆ ದೆವ್ವದ ಭಯವಿಲ್ಲ. ಜನರ ಕಣ್ಣಿನ ಭಯ ಮಾತ್ರ ವಿಪರೀತ. ತಳಕು ಎಂಬ ಊರಿನಲ್ಲಿ ಮಕ್ಕಳಿಗೆ ಮಗ್ಗಿ ಕಲಿಸುವ ಮೇಷ್ಟರು ನಾನು. ಆದರೂ ಹೊಸ ಅಂಗಿ ತೊಟ್ಟ ದಿನ ಯಾರಾದರೂ "ಚೆನ್ನಾಗೈತ್ರೀ ಮೇಷ್ಟ್ರೇ" ಎಂದರೆ ಸಾಕು, ಮನೆಗೆ ಓಡಿ ಅವ್ವನಿಂದ ಉಪ್ಪು ನಿವಾಳಿಸಿಕೊಳ್ಳುತ್ತೇನೆ. ಮೊಳಕಾಲ್ಮೂರಿನಿಂದ ಎತ್ತಿನ ಗಾಡಿಯಲ್ಲಿ ಹೆಂಡತಿ ನರಸಮ್ಮ ಬಂದ ಮೇಲೆ ಈ ಭಯ ಇಮ್ಮಡಿಯಾಯಿತು. ಜಗಲಿಯ ಮೇಲೆ ಕೂರಬೇಡ, ನೀರಿಗೆ ಹೋಗಬೇಡ ಎಂದು ಆಕೆಗೆ ಕಟ್ಟಪ್ಪಣೆ ಮಾಡಿದೆ. ಅವ್ವ ನಕ್ಕಳು, ನರಸಮ್ಮ ನಗಲಿಲ್ಲ.

ಹಿತ್ತಲ ಚಪ್ಪರದಲ್ಲಿ ಮೊದಲ ಸೋರೆಮಿಡಿ ಬಿಟ್ಟಾಗಲೂ ನನಗೆ ಅದೇ ಚಿಂತೆ. ಕಣ್ಣು ಹಲ್ಲು ಬರೆದ ದೃಷ್ಟಿ ಗಡಿಗೆಯೊಂದು ಚಪ್ಪರದಲ್ಲಿ ತೂಗುತ್ತಲೇ ಇತ್ತು. ಅದೂ ಸಾಲದೆನಿಸಿ, ಯಾರಿಗೂ ಹೇಳದೆ, ಬಳ್ಳಿಯಿಂದ ಕೀಳದೆಯೇ ಆ ಮಿಡಿಯನ್ನು ಗಡಿಗೆಯೊಳಕ್ಕೆ ಇಳಿಬಿಟ್ಟೆ. ದೃಷ್ಟಿ ತೆಗೆಯುವ ಗಡಿಗೆಯ ಒಳಗೇ ದೃಷ್ಟಿ ತಾಗುವುದುಂಟೇ?

ಕೆಲವು ವಾರಗಳ ಮೇಲೆ, ಎಲೆಯೂ ಅಲುಗದ ಒಂದು ಮಧ್ಯಾಹ್ನ, ಹಿತ್ತಲಲ್ಲಿ ಏನೋ 'ಟಿಕ್' ಎಂದಿತು. ಹೋಗಿ ನೋಡಿದರೆ ಗಡಿಗೆಯ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಬಿರುಕು. ಮರುದಿನ ಬಾಯಿ ಬೆರಳು ತೂರುವಷ್ಟು ತೆರೆದಿತ್ತು. ಒಳಗಿನಿಂದ ಬಿಳಿಚಿಕೊಂಡ ಏನೋ ಒಂದು ಸದ್ದಿಲ್ಲದೆ ಹೊರಕ್ಕೆ ಒತ್ತುತ್ತಿತ್ತು.

"ಅಯ್ಯೋ ದೇವುಡಾ, ನಾಲಿಗೆ ಚಾಚೈತೆ! ನಾನು ತವರಿಗೆ ಹೋಗ್ತೀನಿ, ತಿರುಗಿ ಬರಲ್ಲ" ಎಂದು ನರಸಮ್ಮ ಸೀರೆಗಳನ್ನು ಗಂಟು ಕಟ್ಟಿದಳು. ಅವಳಿಲ್ಲದ ಮನೆಯನ್ನು ನೆನೆದೇ ನನ್ನ ಎದೆ ಒಡೆಯಿತು. ಮಿಡಿ ಇಟ್ಟವನು ನಾನೇ ಆದರೂ ಗಡಿಗೆಯ ಹತ್ತಿರ ಹೋಗದೆ ಹಿತ್ತಲ ಬಾಗಿಲಲ್ಲೇ ನಿಂತೆ. ಉಗುರು ತಾಗಿದರೆ ಗಾಯವಾಗುವ ಎಳೆಗಾಯಿ ಸುಟ್ಟ ಮಣ್ಣನ್ನು ಸೀಳೀತೆಂದು ಯಾರು ತಾನೇ ನಂಬುತ್ತಾರೆ? ಅದು ಎಂದೋ ಕೊಳೆತುಹೋಗಿರಬೇಕು, ಇದು ಬೇರೆ ಯಾವುದೋ, ಎಂದುಕೊಂಡೆ.

ಅವ್ವ ಒನಕೆ ತಂದು ಒಂದೇಟು ಹಾಕಿದಳು. ಗಡಿಗೆಯ ಚೂರುಗಳೆಲ್ಲ ಉದುರಿದವು. ಆದರೂ ಬಳ್ಳಿಯಲ್ಲಿ ಒಂದು ಗಡಿಗೆ ತೂಗುತ್ತಲೇ ಇತ್ತು. ಅದೇ ಹೊಟ್ಟೆ, ಅದೇ ಕುತ್ತಿಗೆ, ಬಿರುಕಿದ್ದ ಜಾಗದಲ್ಲಿ ದಪ್ಪನೆಯ ತುಟಿ. ಬಿಸಿಲು ಕಾಣದೆ ಹೆಣದಂತೆ ಬೆಳ್ಳಗಾಗಿದ್ದ ಸೋರೆಕಾಯಿ ಅದು.

"ಒಳಗಿನ ತಿರುಳು ದಿನಾ ತಳ್ತಾನೇ ಇರ್ತೈತೆ ಕಣ್ಲೇ" ಎಂದಳು ಅವ್ವ. "ಜಾಗ ಇರೋತನಕ ಗಡಿಗೆ ಹೇಳ್ದಂಗೆ ಬೆಳೀತೈತೆ. ಜಾಗ ಮುಗೀತೋ, ಗಡಿಗೇನೇ ಸೀಳ್ತೈತೆ. ಇದನ್ನ ಒಳಗಿಟ್ಟೋರು ಯಾರು?"

ನಾನು ಚಪ್ಪರ ನೋಡಿದೆ. ನರಸಮ್ಮ ನನ್ನನ್ನು ನೋಡಿದಳು.

"ಇನ್ಯಾರು ಅತ್ತೆ? ನನ್ನನ್ನ ಒಳಗಿಟ್ಟೋರೇ."

ಅವಳು ಗಂಟು ಬಿಚ್ಚಿದಳು; ಬಿಂದಿಗೆ ಎತ್ತಿಕೊಂಡು ಮುಂಬಾಗಿಲಿನಿಂದಲೇ ಬಾವಿಗೆ ಹೊರಟಳು. ತಡೆಯಲು ನಾನು ಬಾಯಿ ತೆರೆದೆ. ಅವ್ವ ಒನಕೆಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ.